ಒಂದು ಮುಖ ದೊರೆಯದು, ಒಂದು ಮುಖ ಊರಿನದು

ರೋಮಿನ ನಾಣ್ಯ ಅಂದ ಕೂಡಲೇ ನಮ್ಮ ಚರಿತ್ರೆ ಪುಸ್ತಕಗಳು ಚಿನ್ನ ಬೆಳ್ಳಿಯ ಮಾತು ತೆಗೆಯುತ್ತವೆ. ನಮ್ಮ ನೆಲದಲ್ಲಿ ಸಿಕ್ಕಿರುವುದೂ ಹೆಚ್ಚಾಗಿ ಅವೇ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ಬೆಳ್ಳಿ ನಾಣ್ಯ ಒಂದೇ ಕಡೆ ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ತಿಬೇರಿಯಸ್ ದೊರೆಯ ಬೆಳ್ಳಿ ದಿನಾರಿಯಸ್ ಸಿಕ್ಕಿತು. ಈ ದಿನಾರಿಯಸ್ಸೇ ಗ್ರೀಕರ ಬಾಯಿ ಹಾದು ಸಂಸ್ಕೃತಕ್ಕೆ ಬಂದು ದೀನಾರ ಆಯ್ತು. ಬೆಳ್ಳಿ ಎಲ್ಲಿಗೆ ಹೋದರೂ ಬೆಳ್ಳಿಯೇ. ಅದರ ಮೇಲೆ ಯಾರ ಮುಖ ಇದೆ ಅಂತ ಯಾರೂ ಕೇಳೋದಿಲ್ಲ, ತೂಗಿ ತಗೋತಾರೆ.

ನಾನು ಇಲ್ಲಿ ಹೇಳಹೊರಟಿರುವುದು ಕಂಚಿನ ಕಾಸಿನ ಮಾತು. ಕಂಚು ಹಡಗು ಹತ್ತುವುದಿಲ್ಲ. ತನ್ನ ಊರು, ಸುತ್ತಲ ಸೀಮೆ ಬಿಟ್ಟರೆ ಅದಕ್ಕೆ ಬೆಲೆಯಿಲ್ಲ. ಅದು ರೊಟ್ಟಿ, ಎಣ್ಣೆ, ಉಪ್ಪುಮೀನು ಕೊಳ್ಳುವ ಕಾಸು. ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ಆ ಕಾಲದ ಧಾರಣೆ ಸಿಗುತ್ತದೆ. ದ್ರಾಕ್ಷಿ ತೋಟದಲ್ಲಿ ಇಡೀ ದಿನ ದುಡಿದ ಕೂಲಿಗೆ ಒಂದು ದಿನಾರಿಯಸ್. ಎರಡು ಗುಬ್ಬಿಗೆ ಒಂದು ಅಸ್ಸಾರಿಯನ್. ಈ ಅಸ್ಸಾರಿಯನ್ನು ಕಂಚಿನದು, ಹದಿನಾರಕ್ಕೋ ಹದಿನೆಂಟಕ್ಕೋ ಒಂದು ದಿನಾರಿಯಸ್ ಆಗುತ್ತಿತ್ತು. ಬಡ ವಿಧವೆಯೊಬ್ಬಳು ಗುಡಿಯ ಹುಂಡಿಗೆ ಹಾಕಿದ ಎರಡು ಲೆಪ್ಟಾ ಇನ್ನೂ ಚಿಕ್ಕವು. ಬೆಳ್ಳಿ ದೊರೆಯ ಖಜಾನೆಗೆ, ದಂಡಿನ ಸಂಬಳಕ್ಕೆ. ಕಂಚು ಬಡವನ ಸೊಂಟದ ಗಂಟಿಗೆ.

ಈ ಬಡವನ ಕಾಸಿನ ಮೇಲೆ ಏನಿತ್ತು, ಯಾರು ಬರೆಸಿದರು, ಯಾಕೆ ಬರೆಸಿದರು? ಅದನ್ನು ನೋಡೋಣ.

1

ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನ ಕೊಲೆಯಾಯ್ತು. ಆ ಹೊತ್ತಿನಿಂದ ಕ್ರಿ.ಶ. 296ರ ಸುಮಾರಿನವರೆಗೆ ರೋಮಿನ ಕೈಕೆಳಗಿದ್ದ 500ಕ್ಕೂ ಹೆಚ್ಚು ಊರುಗಳು ತಮ್ಮ ತಮ್ಮ ಹೆಸರಲ್ಲಿ ಕಾಸು ಹೊಡೆಸಿದವು. ಸ್ಪೇನು, ಗಾಲ್ ಮೊದಲಾದ ಪಡುವಣ ಸೀಮೆಗಳಲ್ಲಿ ಕ್ಲಾಡಿಯಸ್ ದೊರೆಯ ಹೊತ್ತಿಗೆ, ಅಂದರೆ ಮೊದಲ ಶತಮಾನದ ನಡುವಿಗೇ, ಇದು ನಿಂತುಹೋಯ್ತು. ಮೂಡಣದಲ್ಲಿ, ಅಂದರೆ ಈಗಿನ ಗ್ರೀಸ್, ಟರ್ಕಿ, ಸಿರಿಯಾ, ಲೆಬನಾನ್, ಪ್ಯಾಲೆಸ್ಟೈನ್, ಈಜಿಪ್ಟಿನಲ್ಲಿ ಮುಂದುವರಿಯಿತು.

ಕಾಸಿನ ಒಂದು ಕಡೆ ಸಾಮಾನ್ಯವಾಗಿ ಚಕ್ರವರ್ತಿಯ ತಲೆ. ಇನ್ನೊಂದು ಕಡೆ ಊರಿನ ಹೆಸರು: 'ಎಫೆಸಸಿನವರದು', 'ಸ್ಮಿರ್ನಾದವರದು' ಅಂತ. ಜೊತೆಗೆ ಊರಿನ ದೇವರು, ಊರಿನ ಹೊಳೆ, ಊರು ಕಟ್ಟಿದವನು, ಊರಿನ ಕತೆ. ಈಗಿನ ಟರ್ಕಿಯ ಸೀಮೆಯಲ್ಲಿ ಒಂದೇ ಕಮ್ಮಟದವರು ಹಲವು ಊರಿಗೆ ಕಾಸು ಹೊಡೆದುಕೊಡುತ್ತಿದ್ದರು. ದೊರೆಯ ಮುಖಕ್ಕೆ ಒಂದೇ ಅಚ್ಚು ಸಾಕು. ಅದೇ ಅಚ್ಚಿನ ಮುಖ ನಾಲ್ಕಾರು ಊರಿನ ಕಾಸಿನ ಮೇಲೆ ಬಿದ್ದಿದೆ. ಹಿಂದಿನ ಮುಖಕ್ಕೆ ಮಾತ್ರ ಪ್ರತಿ ಊರಿಗೂ ಬೇರೆ ಅಚ್ಚು ಕೊರೆಯಬೇಕು. ದೊರೆ ಎಲ್ಲ ಕಡೆಗೂ ಒಬ್ಬನೇ, ಊರು ಮಾತ್ರ ಬೇರೆ ಬೇರೆ.

ಪಂಡಿತರು ಇವನ್ನು ಬಹಳ ಕಾಲ ಮಲಮಗನ ಹಾಗೆ ಕಂಡರು. ಗ್ರೀಕ್ ನಾಣ್ಯ ಶಾಸ್ತ್ರದವರಿಗೆ ಇವು ಚಂದವಿಲ್ಲದ ಬಾಲ, ರೋಮ್ ನಾಣ್ಯ ಶಾಸ್ತ್ರದವರಿಗೆ ಹೊರಗಿನವು. ಎಲ್ಲ ಊರುಗಳ ಕಾಸನ್ನೂ ಒಟ್ಟಿಗೆ ಪಟ್ಟಿಮಾಡುವ ದೊಡ್ಡ ಕೆಲಸದ ಮೊದಲ ಸಂಪುಟ ಅಚ್ಚಾದದ್ದೇ 1992ರಲ್ಲಿ.

2

ಕತೆಗೆ ಬೆಲೆ ಎಷ್ಟು? ಕ್ರಿ.ಶ. 53ರಲ್ಲಿ ರೋಮಿನ ಹಿರಿಯರ ಸಭೆಯಲ್ಲಿ ನಡೆದದ್ದನ್ನು ಟ್ಯಾಸಿಟಸ್ ಬರೆದಿಟ್ಟಿದ್ದಾನೆ.

ಇಲಿಯಮ್ ಅಂತ ಒಂದು ಊರು. ಅದೇ ಹಳೆಯ ಟ್ರಾಯ್. ರೋಮಿನವರು ತಮ್ಮ ಮೂಲಪುರುಷ ಈನಿಯಸ್ ಅಂತ ನಂಬಿದ್ದರು. ಟ್ರಾಯ್ ಸುಡುವಾಗ ಮುದಿ ತಂದೆಯನ್ನು ಹೆಗಲ ಮೇಲೆ ಹೊತ್ತು ಹೊರಬಿದ್ದವನು ಅವನು. ಇಲಿಯಮ್ಮಿನವರು ಈ ಚಿತ್ರವನ್ನೇ ತಮ್ಮ ಕಾಸಿನ ಮೇಲೆ ಹೊಡೆಸಿದರು. ಹೆಕ್ಟರನನ್ನೂ ಹೆಸರು ಹಾಕಿ ನಿಲ್ಲಿಸಿದರು. 'ನಿಮ್ಮ ತವರು ನಾವು' ಅಂತ ಪ್ರತಿ ಕಾಸೂ ರೋಮಿಗೆ ಹೇಳುತ್ತಿತ್ತು. 53ರಲ್ಲಿ ಹದಿಹರೆಯದ ನೀರೊ ಈ ಊರಿನ ಪರವಾಗಿ ಎದ್ದು ನಿಂತು ಈ ಹಳೆಯ ನಂಟನ್ನೆಲ್ಲ ಬಣ್ಣಿಸಿದ. ಇಲಿಯಮ್ಮಿಗೆ ಕಂದಾಯ ಪೂರಾ ಮಾಫಿ ಆಯ್ತು.

ಅದೇ ವರ್ಷ ಇನ್ನೊಂದು ಊರಿನ ಅಹವಾಲೂ ಬಂದಿತ್ತು. ಫ್ರಿಜಿಯಾ ಸೀಮೆಯ ಅಪಾಮಿಯಾ. ಭೂಕಂಪಕ್ಕೆ ಊರು ನೆಲಸಮ ಆಗಿತ್ತು. ಅದಕ್ಕೆ ಸಿಕ್ಕಿದ್ದು ಐದು ವರ್ಷದ ಮಾಫಿ, ಅಷ್ಟೇ.

ಗೆಳೆಯರೇ, ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮನೆ ಬಿದ್ದವರಿಗೆ ಐದು ವರ್ಷ. ದೊರೆಯ ವಂಶಕ್ಕೆ ಹೊಂದುವ ಕತೆ ಇದ್ದವರಿಗೆ ಪೂರಾ ಮಾಫಿ. ಪುರಾಣ ಅಂದರೆ ಅಜ್ಜಿ ಕತೆ ಅಂತ ನಾವು ತಿಳಿದಿದ್ದೇವೆ. ಸಾಮ್ರಾಜ್ಯದಲ್ಲಿ ಅದು ಕಂದಾಯದ ಕಾಗದ. ಯಾವ ಊರಿನ ಕತೆ ಆಳುವವನ ಕತೆಗೆ ಗಂಟು ಬೀಳುತ್ತದೋ ಆ ಊರಿಗೆ ಲಾಭ.

ಹಾಗಾದರೆ ಗಂಟು ಬೀಳದ ಕತೆಯ ಊರುಗಳು ಏನು ಮಾಡಿದವು? ಅಪಾಮಿಯಾಕ್ಕೇ ಹೋಗೋಣ.

3

ಈ ಊರಿನ ಹಳೆಯ ಹೆಸರು ಕೆಲೈನೈ. ಮಾರ್ಸಿಯಾಸ್ ಅನ್ನೋ ಹೊಳೆ ಹುಟ್ಟುವ ಜಾಗ. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಂತಿಯೊಕಸ್ ಅನ್ನೋ ಗ್ರೀಕ್ ದೊರೆ ಅಲ್ಲಿನ ಜನರನ್ನು ಎಬ್ಬಿಸಿ ಹೊಸ ಪಟ್ಟಣದಲ್ಲಿ ಕೂರಿಸಿ, ತನ್ನ ತಾಯಿ ಅಪಾಮಾಳ ಹೆಸರಿಟ್ಟ. ಊರಿನ ಹೆಸರು ಹೋಯ್ತು. ಹೊಳೆಯ ಹೆಸರು ಉಳೀತು.

ಮಾರ್ಸಿಯಾಸ್ ಬರೀ ಹೊಳೆಯಲ್ಲ, ಒಬ್ಬ ವಾದ್ಯಗಾರ. ಅರ್ಧ ಮನುಷ್ಯ, ಅರ್ಧ ಮೃಗ, ಕಾಡಿನವನು. ಗ್ರೀಕರು ಹೇಳುವ ಕತೆ ಹೀಗಿದೆ. ಅಥೀನಾ ದೇವತೆ ಜೋಡಿಗೊಳಲು ಊದುವಾಗ ತನ್ನ ಕೆನ್ನೆ ಉಬ್ಬಿದ್ದು ಕಂಡು ಅಸಹ್ಯಪಟ್ಟು ಅದನ್ನು ಬಿಸಾಡಿದಳು. ಬಿಸಾಡಿದ್ದನ್ನು ಇವನು ಎತ್ತಿಕೊಂಡು ಕಲಿತ. ಎಷ್ಟು ಚೆನ್ನಾಗಿ ಕಲಿತನೆಂದರೆ ಅಪೊಲೊ ದೇವರ ಎದುರಿಗೇ ಪಂದ್ಯಕ್ಕೆ ನಿಂತ. ಅಪೊಲೊ ತನ್ನ ತಂತಿವಾದ್ಯವನ್ನು ತಲೆಕೆಳಗು ಮಾಡಿ ನುಡಿಸಿ 'ನೀನೂ ಹೀಗೆ ನುಡಿಸು' ಅಂದ. ಕೊಳಲನ್ನು ತಲೆಕೆಳಗು ಮಾಡಿ ಊದೋಕಾಗುತ್ತದೆಯೇ? ಇವನು ಸೋತ. ದೇವರು ಇವನನ್ನು ಮರಕ್ಕೆ ಕಟ್ಟಿ ಚರ್ಮ ಸುಲಿಸಿದ. ಆ ಚರ್ಮವನ್ನು ಕೆಲೈನೈಯಲ್ಲಿ ನೇತುಹಾಕಿದ್ದಾರೆ ಅಂತ ಹೆರೊಡೊಟಸ್ ಬರೆಯುತ್ತಾನೆ.

ಗ್ರೀಕ್ ಶಿಲ್ಪಿಗಳಿಗೆ, ರೋಮಿನ ಶ್ರೀಮಂತರಿಗೆ ಈ ಕಡೆಯ ದೃಶ್ಯ ಬಹಳ ಇಷ್ಟ. ಮರಕ್ಕೆ ಕೈ ಕಟ್ಟಿಸಿಕೊಂಡು ನೇತಾಡುವ ಮಾರ್ಸಿಯಾಸನ ಅಮೃತಶಿಲೆಯ ವಿಗ್ರಹಗಳನ್ನು ತೋಟದಲ್ಲಿ ಇಟ್ಟುಕೊಂಡರು. ದೊಡ್ಡವರ ಮುಂದೆ ತಲೆ ಎತ್ತಿದರೆ ಏನಾಗುತ್ತದೆ ಅನ್ನೋ ಪಾಠ ಅದು.

ಆದರೆ ಅವನ ಸ್ವಂತ ಊರಲ್ಲಿ ಕತೆ ಬೇರೆ. ಎರಡನೆಯ ಶತಮಾನದಲ್ಲಿ ಊರೂರು ತಿರುಗಿ ಕಂಡದ್ದನ್ನು ಕೇಳಿದ್ದನ್ನು ಬರೆದ ಪೌಸಾನಿಯಸ್ ಹೇಳುತ್ತಾನೆ: ಗಲೇಷಿಯನ್ನರ ದಂಡು ಊರ ಮೇಲೆ ಬಿದ್ದಾಗ ಮಾರ್ಸಿಯಾಸನೇ ತನ್ನ ಹೊಳೆಯ ನೀರಿನಿಂದಲೂ ಕೊಳಲಿನ ನಾದದಿಂದಲೂ ಅವರನ್ನು ಓಡಿಸಿದ ಅಂತ ಅಲ್ಲಿನ ಫ್ರಿಜಿಯನ್ನರು ನಂಬಿದ್ದರು. ಗ್ರೀಕರಿಗೆ ಸೊಕ್ಕಿನ ಕಾಡುಮೃಗ. ಊರವರಿಗೆ ಕಾಯುವವನು.

ಅಪಾಮಿಯಾದ ಕಾಸು ನೋಡಿ. ರೋಮಿನವರು ಬಂದ ಹೊಸತರಲ್ಲೇ, ಕ್ರಿ.ಪೂ. ಮೊದಲ ಶತಮಾನದಲ್ಲೇ, ಮಾರ್ಸಿಯಾಸ್ ಕೊಳಲೂದುತ್ತ ನಡೆಯುತ್ತಿದ್ದಾನೆ, ಕಾಲ ಕೆಳಗೆ ಮಿಯಾಂಡರ್ ಹೊಳೆಯ ಅಂಕುಡೊಂಕು ಗೆರೆ. ಹೇಡ್ರಿಯನ್ ಕಾಲದ ಕಾಸಿನಲ್ಲಿ ಗವಿಯೊಳಗೆ ಒರಗಿ ಕುಳಿತಿದ್ದಾನೆ, ಹೊಳೆಯ ದೇವರಾಗಿ. ನೇತುಹಾಕಿದ ಚರ್ಮವಲ್ಲ, ಜೀವ ಇರುವ ಮನುಷ್ಯ. ಮುಂದಿನ ಕಡೆ ಚಕ್ರವರ್ತಿಯ ತಲೆ ಇದೆ. ಹಿಂದಿನ ಕಡೆ, ದೇವರಿಗೆ ಸವಾಲು ಹಾಕಿದವನು ಇನ್ನೂ ಊದುತ್ತಲೇ ಇದ್ದಾನೆ.

ನಾನು ಈ ಕಾಸಿನ ಚಿತ್ರ ಮೊದಲು ನೋಡಿದಾಗ ಬಹಳ ಹೊತ್ತು ಪುಸ್ತಕದ ಹಾಳೆ ತಿರುಗಿಸಲಿಲ್ಲ. ಸೋತವನ ಕತೆಯನ್ನು ಸೋತವನ ಊರಿನವರೇ ಹೇಳಿದರೆ ಅವನು ಸೋತಿರುವುದಿಲ್ಲ.

ಅದೇ ಊರಿನ ಇನ್ನೊಂದು ಕಾಸು ಇದೆ. ಸೆಪ್ಟಿಮಿಯಸ್ ಸೆವೆರಸ್ (193–211) ಕಾಲದಲ್ಲಿ ಬಂತು, ಫಿಲಿಪ್ (244–249) ಕಾಲದಲ್ಲೂ ಬಂತು. ಅದರ ಮೇಲೆ ಒಂದು ಪೆಟ್ಟಿಗೆ. ಪೆಟ್ಟಿಗೆಯೊಳಗಿಂದ ಒಬ್ಬ ಗಂಡು ಒಬ್ಬ ಹೆಣ್ಣು ಹೊರಗೆ ನೋಡುತ್ತಿದ್ದಾರೆ. ಮುಚ್ಚಳದ ಮೇಲೆ ಒಂದು ಹಕ್ಕಿ ಕೂತಿದೆ, ಇನ್ನೊಂದು ಕೊಂಬೆ ಹಿಡಿದು ಹಾರಿ ಬರುತ್ತಿದೆ. ಪಕ್ಕದಲ್ಲಿ ಅದೇ ಗಂಡು ಹೆಣ್ಣು ನೆಲಕ್ಕಿಳಿದು ಕೈಯೆತ್ತಿ ನಿಂತಿದ್ದಾರೆ. ಪೆಟ್ಟಿಗೆಯ ಮೇಲೆ ಗ್ರೀಕ್ ಅಕ್ಷರದಲ್ಲಿ 'ನೋಯೆ'. ಹೌದು, ಯಹೂದಿಗಳ ನೋಹ, ಪ್ರಳಯದ ನೋಹ. ಈ ಊರಿಗೆ 'ಕಿಬೊಟೋಸ್' ಅಂತ ಅಡ್ಡಹೆಸರು, ಅಂದರೆ ಪೆಟ್ಟಿಗೆ. ಯಹೂದಿಗಳ ಗ್ರೀಕ್ ಬೈಬಲ್ಲಿನಲ್ಲಿ ನೋಹನ ನಾವೆಗೂ ಇದೇ ಮಾತು. ಹೆಸರಿಗೆ ಹೆಸರು ಕೂಡಿತು, ಊರು ಕತೆಯನ್ನು ತನ್ನದು ಮಾಡಿಕೊಂಡಿತು.

ಈ ಯಹೂದಿಗಳ ಹಿಂದಿನ ಪಾಡು ಏನಿತ್ತು? ಕ್ರಿ.ಪೂ. 62ರಲ್ಲಿ ಫ್ಲಾಕಸ್ ಅನ್ನೋ ರೋಮಿನ ಅಧಿಕಾರಿ ಇದೇ ಅಪಾಮಿಯಾದಲ್ಲಿ, ಅವರು ಜೆರುಸಲೇಮಿನ ಗುಡಿಗೆ ಕಳಿಸಲು ಕೂಡಿಸಿದ್ದ ಸುಮಾರು ನೂರು ರಾತಲು ಚಿನ್ನವನ್ನು ಕಿತ್ತುಕೊಂಡಿದ್ದ. ಅವನ ಪರವಾಗಿ ವಾದಿಸಿದವನು ಸಿಸೆರೊ. ಅದಾದ ಇನ್ನೂರೈವತ್ತು ವರ್ಷಕ್ಕೂ ಮೇಲೆ ಅದೇ ಜನರ ಕತೆ ಅದೇ ಊರಿನ ಕಾಸಿನ ಮೇಲೆ ಬಂತು. ಕಿತ್ತುಕೊಂಡ ಚಿನ್ನ ಎಲ್ಲಿ ಕರಗಿ ಹೋಯ್ತೋ. ಕತೆ ಕಂಚಿನಲ್ಲಿ ಉಳೀತು.

4

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ಸುಳ್ಳು ಹೇಳಿದ ಹಾಗೆ. ಹಿಂದಿನ ಮುಖ 'ಊರಿನದು' ಅಂದೆ. ಊರು ಅಂದರೆ ಯಾರು?

ಕಾಸಿನ ಮೇಲೆ ಊರಿನ ಹೆಸರಿನ ಪಕ್ಕ ಅನೇಕ ಸಲ ಒಬ್ಬ ದೊಡ್ಡಮನುಷ್ಯನ ಹೆಸರೂ ಇರುತ್ತದೆ. ಅವನು ಊರ ಸಭೆಯ ಅಧಿಕಾರಿ, ಇಲ್ಲ ಜಾತ್ರೆ ಪಂದ್ಯ ನಡೆಸಿದವನು, ಇಲ್ಲ ಕೈಯಿಂದ ದುಡ್ಡು ಹಾಕಿ ಕಾಸು ಹೊಡೆಸಿದವನು. ಹೇಡ್ರಿಯನ್ನನ ಪ್ರೀತಿಯ ಹುಡುಗ ಅಂತಿನೂಸ್ ಸತ್ತಾಗ ಸ್ಮಿರ್ನಾದ ಪೊಲೆಮೊ ಅನ್ನೋ ಶ್ರೀಮಂತ ಭಾಷಣಕಾರ ಆ ಹುಡುಗನ ಮುಖದ ಕಾಸು ಹೊಡೆಸಿ, 'ಪೊಲೆಮೊ ಸ್ಮಿರ್ನಾದವರಿಗೆ ಅರ್ಪಿಸಿದ್ದು' ಅಂತ ಬರೆಸಿಕೊಂಡ. ಅರ್ಪಿಸಿದ್ದು ಸ್ಮಿರ್ನಾದವರಿಗೆ, ಕಣ್ಣು ಇದ್ದದ್ದು ದೊರೆಯ ಮೇಲೆ.

ಹಳ್ಳಿಗೆ ಕಾಸು ಹೊಡೆಯುವ ಹಕ್ಕಿರಲಿಲ್ಲ. ಪಟ್ಟಣಕ್ಕೆ ಮಾತ್ರ. ಹಳ್ಳಿಯವರ ದೇವರು ಕಾಸಿನ ಮೇಲೆ ಬಂದಿದ್ದಾನೆ: ಫ್ರಿಜಿಯಾದ ರೈತರ ಚಂದ್ರದೇವರು ಮೆನ್, ಹೆಗಲ ಹಿಂದೆ ಅರ್ಧಚಂದ್ರ. ಆದರೆ ಸುತ್ತಲ ಬರಹ ಅವರ ಫ್ರಿಜಿಯನ್ ಮಾತಿನಲ್ಲಿಲ್ಲ, ಗ್ರೀಕಿನಲ್ಲಿದೆ, ರೋಮಿನ ಸೈನಿಕರು ನೆಲೆಸಿದ ಪಿಸಿದಿಯಾದ ಅಂತಿಯೋಕದಲ್ಲಿ ಲ್ಯಾಟಿನ್ನಿನಲ್ಲಿದೆ. ದೇವರನ್ನು ಪಟ್ಟಣಕ್ಕೆ ಕರೆದುಕೊಂಡರು, ಭಾಷೆಯನ್ನು ಹೊರಗೇ ನಿಲ್ಲಿಸಿದರು.

ಹಳ್ಳಿಯ ಹೊಟ್ಟೆಯ ಮಾತನ್ನು ಗೇಲನ್ ಬರೆದಿದ್ದಾನೆ. ಪೆರ್ಗಮಮ್ಮಿನಲ್ಲಿ ಹುಟ್ಟಿ ರೋಮಿನ ದೊರೆಗಳಿಗೆ ವೈದ್ಯನಾದವನು. ಬರಗಾಲದ ವರ್ಷಗಳಲ್ಲಿ ಪಟ್ಟಣದವರು ಸುಗ್ಗಿ ಆದ ಕೂಡಲೇ ಗೋಧಿ, ಬಾರ್ಲಿ, ಕಾಳು ಹೊತ್ತುಕೊಂಡು ಹೋಗುತ್ತಿದ್ದರು, ಉಳಿದದ್ದು ಚಳಿಗಾಲಕ್ಕೇ ಮುಗಿದು ಹಳ್ಳಿಯವರು ಚಿಗುರು, ಕಡ್ಡಿ, ಗೆಡ್ಡೆ, ಬೇರು ತಿಂದು ರೋಗ ಬೀಳುತ್ತಿದ್ದರು ಅಂತ ಹೇಳುತ್ತಾನೆ. ಇವನ ಪೆರ್ಗಮಮ್ಮಿನ ಕಾಸಿನ ಮೇಲೆ ರೋಗ ವಾಸಿ ಮಾಡುವ ಅಸ್ಕ್ಲೇಪಿಯಸ್ ದೇವರ ಚಿತ್ರ. ಕ್ಯಾರಕಲ್ಲಾ ದೊರೆ ಆ ದೇವರ ಹಾವಿಗೆ ಕೈಯೆತ್ತಿ ನಮಸ್ಕರಿಸುವ ದೊಡ್ಡ ದೊಡ್ಡ ಕಾಸುಗಳೂ ಇವೆ. ಬೇರು ತಿಂದು ಊದಿಕೊಂಡ ರೈತನ ಚಿತ್ರ ಯಾವ ಕಾಸಿನ ಮೇಲೂ ಇಲ್ಲ.

ಕಂಚನ್ನು ಬೆಳ್ಳಿಗೆ ಬದಲಾಯಿಸುವಲ್ಲೂ ಬಡವನ ಕೈ ಸುಡುತ್ತಿತ್ತು. ಪೆರ್ಗಮಮ್ಮಿನಲ್ಲೇ ಒಂದು ಶಾಸನ ಸಿಕ್ಕಿದೆ. ಸಣ್ಣ ವ್ಯಾಪಾರಿ ಕಂಚು ತಂದು ಬೆಳ್ಳಿ ಕೇಳಿದರೆ ಶರಾಫರು ದಿನಾರಿಯಸ್ಸಿಗೆ ಹದಿನೆಂಟು ಅಸ್ಸಾರಿಯನ್ ಎಣಿಸಿಕೊಳ್ಳುತ್ತಿದ್ದರು. ಬೆಳ್ಳಿ ತಂದು ಚಿಲ್ಲರೆ ಕೇಳಿದರೆ ಹದಿನೇಳು ಕೊಡುತ್ತಿದ್ದರು. ನಡುವಿನ ಒಂದು ಕಾಸು ವಟ್ಟ. ಅದು ಸಾಲದೆ ಇನ್ನೂ ಕೀಳಲು ಹೋಗಿ ತಕರಾರು ಚಕ್ರವರ್ತಿಯವರೆಗೆ ಹೋಯ್ತು. ಮೀನು ಮಾರುವವರ ಲೆಕ್ಕವೂ ಆ ಕಲ್ಲಿನ ಮೇಲಿದೆ. ಮಿಲಾಸಾ ಅನ್ನೋ ಊರಿನ ಇನ್ನೊಂದು ಶಾಸನ ಕದ್ದು ನಾಣ್ಯ ಬದಲಾಯಿಸುವವರ ಮೇಲಿನದು. ಸ್ವತಂತ್ರ ಮನುಷ್ಯ ಸಿಕ್ಕಿಬಿದ್ದರೆ ಜುಲ್ಮಾನೆ. ಗುಲಾಮ ಸಿಕ್ಕಿಬಿದ್ದರೆ ಚಾಟಿ ಏಟು, ಸೆರೆಮನೆ. ತಪ್ಪು ಒಂದೇ, ಬೆನ್ನು ಬೇರೆ.

ಆದ್ದರಿಂದ ಈ ಕಾಸಿನ ಮೇಲಿನ ಪುರಾಣವನ್ನು 'ಜನರ ದನಿ' ಅಂತ ಸುಮ್ಮನೆ ಕೊಂಡಾಡಬಾರದು. ಅದು ಊರ ಗೌಡರ ದನಿ. ಆದರೆ ಕತೆ ಗೌಡರು ಹುಟ್ಟಿಸಿದ್ದಲ್ಲ. ಹೊಳೆಯ ದಡದಲ್ಲಿ, ಹೊಲದಲ್ಲಿ, ಗುಡಿಯ ಅಂಗಳದಲ್ಲಿ ಯಾರೋ ಹೇಳುತ್ತಿದ್ದದ್ದನ್ನು ಅವರು ಎತ್ತಿಕೊಂಡರು. ಆ ಕಾಸು ಮತ್ತೆ ಮೀನಿನವಳ ಕೈಗೇ ಬಂತು. ಅವಳಿಗೆ ಓದು ಬಾರದಿದ್ದರೂ ಕೊಳಲಿನವನ ಗುರುತು ಇತ್ತು.

ಇದೇ ರೀತಿ ಕೆಲವು ಊರುಗಳು ಕವಿಗಳನ್ನೂ ಕಾಸಿನ ಮೇಲೆ ಕೂರಿಸಿದವು. ಸ್ಮಿರ್ನಾದವರು ತಮ್ಮ ಒಂದು ಕಂಚಿನ ಕಾಸನ್ನು 'ಹೋಮೆರಿಯನ್' ಅಂತಲೇ ಕರೆಯುತ್ತಿದ್ದರು ಅಂತ ಸ್ಟ್ರಾಬೊ ಬರೆದಿದ್ದಾನೆ. ಹೋಮರ್ ನಮ್ಮವನು, ನಮ್ಮವನು ಅಂತ ಎಷ್ಟೋ ಊರುಗಳ ಜಗಳ. ಮಿಟಿಲೀನಿಯವರು ಸ್ಯಾಫೊಳ ಚಿತ್ರ ಹೊಡೆಸಿದರು. 'ಒಂದು ಹೋಮರಿಗೆ ಎಷ್ಟು ಮೀನು ಕೊಡ್ತೀ?' ಅಂತ ಸಂತೆಯಲ್ಲಿ ಕೇಳಿರಬಹುದು. ಕವಿಗೆ ಇದಕ್ಕಿಂತ ಒಳ್ಳೆಯ ಸನ್ಮಾನ ನನಗೆ ತೋಚುವುದಿಲ್ಲ.

5

ಎದುರುತ್ತರ ಕೊಟ್ಟ ಕಾಸುಗಳೂ ಇವೆ.

ಈಗಿನ ಲೆಬನಾನಿನ ತೈರ್, ಫಿನೀಷಿಯನ್ನರ ಹಳೆಯ ಬಂದರು. ಮೂರನೆಯ ಶತಮಾನದ ಹೊತ್ತಿಗೆ ಅದು ರೋಮಿನ ವಸಾಹತು ಅನ್ನಿಸಿಕೊಂಡಿತ್ತು, ಕಾಸಿನ ಮೇಲೆ ಲ್ಯಾಟಿನ್ ಬರಹ ಬಂದಿತ್ತು. ಆದರೆ ಗ್ಯಾಲಿಯೆನಸ್ (253–268) ಕಾಲದ ಒಂದು ಕಾಸಿನ ಹಿಂದೆ ಕಾಡ್ಮಸ್ ನಿಂತಿದ್ದಾನೆ. ಎದುರಿಗೆ ಗ್ರೀಕರು. ಇವನು ಅವರ ಕೈಗೆ ಬರಹದ ಸುರುಳಿ ಕೊಡುತ್ತಿದ್ದಾನೆ. ಅಕ್ಷರ ಕಲಿಸುತ್ತಿದ್ದಾನೆ. ಗ್ರೀಕರಿಗೆ ಅಕ್ಷರ ತಂದುಕೊಟ್ಟವರು ಕಾಡ್ಮಸನ ಜೊತೆ ಬಂದ ಫಿನೀಷಿಯನ್ನರು ಅಂತ ಹೆರೊಡೊಟಸ್ಸೇ ಒಪ್ಪಿದ್ದಾನೆ. ಗ್ರೀಕ್ ಲಿಪಿ ಫಿನೀಷಿಯನ್ ಲಿಪಿಯಿಂದ ಬಂದದ್ದು ಅಂತ ಇವತ್ತಿನ ವಿದ್ವಾಂಸರೂ ಒಪ್ಪುತ್ತಾರೆ. ರೋಮಿನ ಅಕ್ಷರ ಬಂದದ್ದು ಗ್ರೀಕರಿಂದ. ಅಂದಮೇಲೆ ಆ ಕಾಸು ಯಾರಿಗೆ ಏನು ಹೇಳುತ್ತಿತ್ತು? ಗೆದ್ದವರೇ, ನೀವು ನಮ್ಮ ಮೇಲೆ ಬರೆಯುತ್ತಿರುವ ಅಕ್ಷರ ನಾವು ಕೊಟ್ಟದ್ದು.

ಇದಕ್ಕಿಂತ ಗಟ್ಟಿಯಾದ ಉತ್ತರ ಜುದೇಯದಲ್ಲಿ ಬಂತು. 132ರಿಂದ 135ರವರೆಗೆ ಬಾರ್ ಕೊಖ್ಬನ ಬಂಡಾಯ. ಬಂಡಾಯಗಾರರ ಹತ್ತಿರ ಹೊಸ ಬಿಲ್ಲೆ ಎರಕ ಹೊಯ್ಯುವ ಸೌಕರ್ಯ ಇರಲಿಲ್ಲ. ಕೈಗೆ ಸಿಕ್ಕ ರೋಮಿನ ಕಾಸುಗಳನ್ನೇ, ಬೆಳ್ಳಿಯನ್ನೂ ಕಂಚನ್ನೂ, ತೆಗೆದುಕೊಂಡು ಅದರ ಮೇಲೆಯೇ ತಮ್ಮ ಅಚ್ಚು ಒತ್ತಿದರು. ಚಕ್ರವರ್ತಿಯ ಮುಖದ ಮೇಲೆ ದ್ರಾಕ್ಷಿ ಗೊಂಚಲು, ಖರ್ಜೂರದ ಮರ, ತಂತಿವಾದ್ಯ, 70ರಲ್ಲಿ ರೋಮಿನವರು ಸುಟ್ಟ ಗುಡಿಯ ಬಾಗಿಲು. ಬರಹ 'ಇಸ್ರೇಲಿನ ಬಿಡುಗಡೆಯ ಮೊದಲ ವರ್ಷ'. ಲಿಪಿ ಆಗಲೇ ದಿನಬಳಕೆ ತಪ್ಪಿದ್ದ ಹಳೆಯ ಹೀಬ್ರೂ. ಕೆಲವು ಕಾಸುಗಳಲ್ಲಿ ಅಚ್ಚು ಸರಿಯಾಗಿ ಬೀಳದೆ ಅಡಿಯಲ್ಲಿ ದೊರೆಯ ಮೂಗು, ಹೆಸರಿನ ಅಕ್ಷರ ಇವತ್ತಿಗೂ ಕಾಣುತ್ತದೆ.

ಬಂಡಾಯವನ್ನು ರೋಮ್ ರಕ್ತದಲ್ಲಿ ಮುಳುಗಿಸಿತು. ಜೆರುಸಲೇಮಿನ ಜಾಗದಲ್ಲಿ ಏಲಿಯಾ ಕ್ಯಾಪಿಟೋಲಿನಾ ಅಂತ ರೋಮಿನ ವಸಾಹತು ನಿಂತಿತು, ಯಹೂದಿಗಳು ಅಲ್ಲಿಗೆ ಕಾಲಿಡದ ಹಾಗಾಯ್ತು. ಆ ಊರಿನ ಕಾಸಿನ ಮೇಲೆ ಹೇಡ್ರಿಯನ್ ಎತ್ತು ಹಸು ಕಟ್ಟಿ ನೇಗಿಲು ಹಿಡಿದು ಊರಿನ ಎಲ್ಲೆಯ ಗೆರೆ ಎಳೆಯುತ್ತಿದ್ದಾನೆ. ಅಲ್ಲಿ ಮೊದಲು ಉಳುತ್ತಿದ್ದವರ ಸುದ್ದಿ ಆ ಕಾಸಿನಲ್ಲಿಲ್ಲ.

6

ಈ ಊರಿನ ಕಾಸುಗಳನ್ನು ಯಾರೂ ನಿಷೇಧ ಮಾಡಿ ನಿಲ್ಲಿಸಲಿಲ್ಲ. ದಂಡಿನ ಖರ್ಚು ಏರುತ್ತ ದೊರೆಗಳು ಬೆಳ್ಳಿಗೆ ತಾಮ್ರ ಬೆರೆಸುತ್ತ ಹೋದರು. 260ರ ದಶಕದ ಹೊತ್ತಿಗೆ 'ಬೆಳ್ಳಿ' ನಾಣ್ಯದಲ್ಲಿ ಬೆಳ್ಳಿ ಹೆಸರಿಗೆ ಮಾತ್ರ. ಧಾರಣೆ ಏರಿತು. ಕಂಚಿನ ಕಾಸು ಹೊಡೆಯುವ ಖರ್ಚು ಕಾಸಿನ ಬೆಲೆಯನ್ನೇ ಮೀರಿತು. ಊರುಗಳು ಒಂದೊಂದೇ ಕೈಬಿಟ್ಟವು. ಈಗಿನ ಟರ್ಕಿಯ ಸೀಮೆಯಲ್ಲಿ ಕಡೆಯದು ಪೆರ್ಗೆ, 275–276ರಲ್ಲಿ. ಈಜಿಪ್ಟಿನ ಅಲೆಕ್ಸಾಂಡ್ರಿಯಾ 296ರ ಸುಮಾರಿಗೆ ನಿಲ್ಲಿಸಿತು. ಡಯೊಕ್ಲೀಶಿಯನ್ ದೊರೆ ಇಡೀ ಸಾಮ್ರಾಜ್ಯಕ್ಕೆ ಒಂದೇ ನಾಣ್ಯ ತಂದ. ಲಂಡನ್ನಿನಲ್ಲಿ ಹೊಡೆದರೂ ಅಲೆಕ್ಸಾಂಡ್ರಿಯಾದಲ್ಲಿ ಹೊಡೆದರೂ ಲ್ಯಾಟಿನ್ ಬರಹ, ಹಿಂದಿನ ಮುಖದಲ್ಲಿ 'ರೋಮಿನ ಜನರ ರಕ್ಷಕ ದೈವ'. ಊರಿನ ಹೆಸರು ಮೂಲೆಯಲ್ಲಿ ಎರಡಕ್ಷರದ ಟಂಕಸಾಲೆ ಗುರುತಾಗಿ ಉಳಿಯಿತು. ಎರಡೂ ಮುಖ ದೊರೆಯದೇ ಆಯ್ತು.

ಗುಡಿ ಬಿದ್ದುಹೋಗಿವೆ. ಮಾರ್ಸಿಯಾಸನ ಕತೆಯನ್ನು ಅವನ ಊರಿನವರ ಬಾಯಿಂದ ಬರೆದಿಟ್ಟದ್ದು ಪೌಸಾನಿಯಸ್ಸಿನ ನಾಲ್ಕು ಸಾಲು ಮಾತ್ರ. ಅಪಾಮಿಯಾ ಈಗ ಟರ್ಕಿಯ ದಿನಾರ್ ಅನ್ನೋ ಪಟ್ಟಣ. ಅಲ್ಲಿನ ಯಾವನೋ ರೈತನ ಅಜ್ಜಂದಿರ ಅಜ್ಜ ಸಂತೆಯಲ್ಲಿ ಕಳೆದುಕೊಂಡ ಎರಡು ಕಾಸಿನ ಸಾಮಾನಿನ ಬೆಲೆ ನೆಲದಡಿ ಕಿಲುಬು ಹಿಡಿದು ಬಿದ್ದಿತ್ತು. ಯಾರಿಗೂ ಕರಗಿಸುವಷ್ಟು ಬೆಲೆ ಇಲ್ಲದ್ದರಿಂದಲೇ ಉಳೀತು. ಕಿಲುಬು ತೆಗೆದರೆ ಒಂದು ಕಡೆ ದೊರೆ. ಯಾವ ದೊರೆ ಅಂತ ಪುಸ್ತಕ ನೋಡಿ ಹೇಳಬೇಕು. ಇನ್ನೊಂದು ಕಡೆ ಕೆನ್ನೆ ಉಬ್ಬಿಸಿ ಕೊಳಲೂದುವವನು. ಅವನ ಗುರುತಿಗೆ ಪುಸ್ತಕ ಬೇಡ.